ಕಮಾನಿನ ಮಿಸ್ತ್ರಿ

ಮಿಸ್ತ್ರಿ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಅವರನ್ನು ಮಣ್ಣು ಮಾಡಿದ ಮೇಲೆ. ಘಾಟಬೋರಾಳದಿಂದ ಕಾಯಿಪಲ್ಯೆ ತರುವ ಹೆಂಗಸು ನಮ್ಮ ಶೆಡ್ಡಿನ ಮುಂದೆ ಬುಟ್ಟಿ ಇಳಿಸಿದ್ದಳು. ನಾನು ಬದನೆಕಾಯಿ ಆರಿಸುತ್ತಿದ್ದೆ. "ನಿಮ್ಮ ಮಿಸ್ತ್ರಿ ಹೋದ್ರಲ್ರಿ ಅಕ್ಕೋರ, ನಿಮಗ್ಯಾರೂ ಹೇಳಿಲ್ಲೇನು?" ಅಂದಳು. 'ನಿಮ್ಮ ಮಿಸ್ತ್ರಿ' ಅನ್ನುವ ಮಾತಿಗೆ ಹುಮನಾಬಾದಿನಲ್ಲಿ ಒಂದು ಕಾಲಕ್ಕೆ ಬೇರೆಯೇ ಅರ್ಥವಿತ್ತು. ಈಕೆ ಸಣ್ಣ ವಯಸ್ಸಿನವಳು, ಆಕೆಗೆ ಅದೆಲ್ಲ ತಿಳಿದಿರಲಿಕ್ಕಿಲ್ಲ. ನಾನು ಬದನೆಕಾಯಿ ತೂಗಿಸಿಕೊಂಡು ಒಳಗೆ ಬಂದು ಮಷೀನಿನ ಮುಂದೆ ಕೂತೆ. ಆ ದಿನ ಹೊಲಿಗೆ ಸಾಗಲಿಲ್ಲ.

ಅವರಿಗೆ ತಂದೆ ತಾಯಿ ಇಟ್ಟ ಹೆಸರು ಒಂದಿತ್ತು. ಆ ಹೆಸರಿನಿಂದ ಅವರನ್ನು ಯಾರಾದರೂ ಕರೆದದ್ದನ್ನು ನಾನು ಕೇಳಿದ್ದು ಕೋರ್ಟಿನಲ್ಲಿ ಮಾತ್ರ. ಉಳಿದಂತೆ ಎಲ್ಲರಿಗೂ ಅವರು ಮಿಸ್ತ್ರಿ.

ನಮ್ಮ ಶೆಡ್ಡು ಇದ್ದದ್ದು ಹೈದರಾಬಾದ್–ಪುಣೆ ಸಡಕಿನ ಮೇಲೆ, ಬಸ್‌ ಸ್ಟ್ಯಾಂಡ್‌ ದಾಟಿದ ಕೂಡಲೇ. ನನ್ನ ಗಂಡ ಅಲ್ಲಿ ಡೇರೆ, ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುತ್ತಿದ್ದರು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅವರು ವಿಷಮಜ್ವರದಲ್ಲಿ ತೀರಿಕೊಂಡರು. ಮನೆಯಲ್ಲಿ ಅತ್ತೆ ಮತ್ತು ನಾನು, ಶೆಡ್ಡಿನಲ್ಲಿ ಒಂದು ಕಾಲು ಮಷೀನು, ಅರ್ಧ ಹೊಲಿದ ಲಾರಿಯ ತಾಡಪತ್ರಿ. ಅದನ್ನು ಮುಗಿಸಿ ಕೊಡೋಣ ಅಂತ ಕೂತವಳು ಹಾಗೇ ಕೂತುಬಿಟ್ಟೆ. ಶೆಡ್ಡಿನ ಇನ್ನರ್ಧ ಖಾಲಿ ಇತ್ತು. ಅಲ್ಲಿಗೆ ಒಂದು ಬೇಸಿಗೆಯಲ್ಲಿ ಮಿಸ್ತ್ರಿ ಸೈಕಲ್ಲಿನ ಮೇಲೆ ಕಬ್ಬಿಣ ಬಡಿಯುವ ಅಡಿಗಲ್ಲು ಕಟ್ಟಿಕೊಂಡು ಬಂದರು. ಎರಡು ಭಾಗದ ನಡುವೆ ಗೋಣಿಯ ಪರದೆ ಕಟ್ಟಿದೆವು.

ಅವರ ಮನೆತನದವರು ಕೆಲ ವರ್ಷಗಳ ಹಿಂದೆಯಷ್ಟೇ ಬೌದ್ಧರಾಗಿದ್ದರು. ಮನೆಯ ಹಳೆಯ ದೇವರುಗಳನ್ನು ಬುಟ್ಟಿಯಲ್ಲಿ ತುಂಬಿ ಹಳ್ಳಕ್ಕೆ ಬಿಟ್ಟು ಬಂದವರು ತಾವೇ ಅಂತ ಮಿಸ್ತ್ರಿ ಹೇಳುತ್ತಿದ್ದರು. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಕುಲುಮೆಯ ಮುಂದೆ ಬೆವರು ಸುರಿಸುತ್ತ ಕೂತಿದ್ದರು. ನೋಡಲಾರದೆ ನನ್ನ ಮಡಕೆಯ ನೀರು ತಂಬಿಗೆಯಲ್ಲಿ ಒಯ್ದೆ. ಅವರು ಕೈ ಚಾಚಲಿಲ್ಲ.

"ಮೊದಲ ನೀವು ನಂದು ಕುಡೀರಿ ಅಕ್ಕೋರ. ಆ ಮ್ಯಾಲ ನಾ ನಿಮ್ಮದು ಕುಡೀತೀನಿ."

ನನಗೆ ಸಿಟ್ಟು ಬಂತು. ತಂಬಿಗೆ ಅಲ್ಲೇ ಇಟ್ಟು ಬಂದೆ. ಸಂಜೆಯವರೆಗೂ ಅದು ಹಾಗೇ ಇತ್ತು. ಮುಂದೆ ಒಂದು ದಿನ ನನ್ನ ಮಡಕೆ ಒಡೆದು, ಬಾಯಿ ಒಣಗಿ, ಪರದೆ ಸರಿಸಿ ಅವರ ಮಡಕೆಯಿಂದ ನೀರು ಕುಡಿದೆ. ಅವರು ಸುತ್ತಿಗೆ ನಿಲ್ಲಿಸಿ ನೋಡಿದರು. ನಾನು ಹೊಸ ಮಡಕೆ ತಂದ ದಿನ ತಾವಾಗಿ ಬಂದು ಒಂದು ತಂಬಿಗೆ ಗಟಗಟ ಕುಡಿದು, "ನಿಮ್ಮ ಬಾವಿ ನೀರು ಉಪ್ಪ ಅದ," ಅಂದು ಹೋದರು.

ಒಳ್ಳೆಯ ಮಾತಿನವರೇನೂ ಆಗಿರಲಿಲ್ಲ. ಗಿರಾಕಿ ಹಿಂದೆ ನಿಂತು ನೋಡಿದರೆ ಕೆಲಸ ನಿಲ್ಲಿಸಿ ತಂಬಾಕು ತಿಕ್ಕುತ್ತ ಕೂಡುತ್ತಿದ್ದರು. "ನೀವು ನೋಡೋದು ಮುಗೀಲಿ, ಆ ಮ್ಯಾಲ ನಾ ಮಾಡ್ತೀನಿ," ಅನ್ನುತ್ತಿದ್ದರು. ಇದರಿಂದ ಎಷ್ಟೋ ಗಿರಾಕಿಗಳು ಹೋದರು. ತಮ್ಮ ಕೆಲಸದ ಬಗ್ಗೆ ಅವರಿಗಿದ್ದ ಸೊಕ್ಕು ಊರಿಗೆಲ್ಲ ಗೊತ್ತಿತ್ತು. ಕಮಾನು ಅಂದರೆ ಈ ಸಡಕಿನ ಮೇಲೆ ಸೊಲ್ಲಾಪುರದ ತನಕ ತಾನೊಬ್ಬನೇ ಅಂತ ಬಾಯಿಬಿಟ್ಟು ಹೇಳುತ್ತಿದ್ದರು.

ಗಾಡಿಯ ಮೇಲ್ಹೊದಿಕೆಯನ್ನು ಎತ್ತಿ ಹಿಡಿಯುವ ಬಾಗಿದ ಸರಳು, ಆ ಕಮಾನೇ ಅವರ ಕೆಲಸ. ಸವಾರಿ ಗಾಡಿಯ ಕಮಾನು, ಟಾಂಗಾದ ಹುಡ್ಡಿನ ಕಮಾನು, ಆಮೇಲೆ ಮಿಲಿಟರಿಯವರು ಮಾರಿದ ಹಳೆಯ ಜೀಪುಗಳ ಕಮಾನು. ಅವರು ಕಬ್ಬಿಣ ಬಗ್ಗಿಸಿ ಎಲುಬು ಮಾಡುತ್ತಿದ್ದರು, ನಾನು ಅದಕ್ಕೆ ಕ್ಯಾನ್ವಾಸಿನ ಚರ್ಮ ಹೊಲಿಯುತ್ತಿದ್ದೆ. ದಪ್ಪ ಜಾಗಕ್ಕೆ ಮಷೀನು ಹೋಗುವುದಿಲ್ಲ. ಮೇಣ ಹಚ್ಚಿದ ದಾರ, ದಬ್ಬಣ. ನಮಗೆ ದಿನವೂ ಜಗಳ. ಮೊದಲ ಮಳೆಗೆ ಕ್ಯಾನ್ವಾಸು ಬಿಗಿಯುತ್ತದೆ ಅಂತ ನಾನು ಸ್ವಲ್ಪ ಸಡಿಲ ಕತ್ತರಿಸುತ್ತಿದ್ದೆ. ಅವರಿಗೆ ಡೋಲಿನಂತೆ ಬಿಗಿ ಬೇಕು. "ಗಾಳಿ ಹೊಕ್ಕರ ಪಟಪಟ ಬಡೀತದ ಅಕ್ಕೋರ. ಬಡಿಯೋ ಬಟ್ಟಿ ಕಬ್ಬಿಣ ತಿಂತದ," ಅನ್ನುತ್ತಿದ್ದರು.

ಹೀಗಿರುವಾಗ ಆ ವಿಲಾಯತಿ ಗಾಡಿ ಬಂತು.

ಬಸವಕಲ್ಯಾಣದ ದೊಡ್ಡ ಸಾವಕಾರರೊಬ್ಬರ ಮಗ ಹೈದರಾಬಾದಿನಲ್ಲಿ ಓದಿ ಬಂದವನು, ಅಲ್ಲಿ ಯಾರೋ ನವಾಬರ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಇಂಗ್ಲಂಡಿನ ಮೋಟಾರು ಗಾಡಿ ಕೊಂಡು ತಂದಿದ್ದ. ಇಬ್ಬರಷ್ಟೇ ಕೂಡಬಹುದು. ಉದ್ದ ಮೂತಿ, ನೆಲಕ್ಕೆ ಅಂಟಿದಂತೆ ಮೈ, ತಲೆಯ ಮೇಲೆ ಬಯಲು. ಮಳೆ ಬಂದರೆ ಎತ್ತಿ ಮುಚ್ಚಲು ಬಟ್ಟೆಯ ಹುಡ್ಡು. ಹುಡ್ಡಿನ ಕ್ಯಾನ್ವಾಸು ಇಲಿ ತಿಂದು ಚಿಂದಿಯಾಗಿತ್ತು, ಮುಂದಿನ ಗಾಜಿನ ಮೇಲೆ ಕೂಡುವ ಮರದ ಪಟ್ಟಿಗೆ ಗೆದ್ದಲು ಹತ್ತಿತ್ತು, ಕಮಾನುಗಳು ಸೊಟ್ಟಗಾಗಿದ್ದವು. ಆ ಕಮಾನುಗಳನ್ನು ಕಂಡು ಮಿಸ್ತ್ರಿ ಮೊದಲ ಸಲ ಬಾಯಿ ಮುಚ್ಚಿಕೊಂಡದ್ದು. ಟಾಂಗಾದ ಕಮಾನು ಹಿಂದಕ್ಕೆ ಬೀಳುತ್ತದೆ, ಅಷ್ಟೇ. ಇವು ಕತ್ತರಿಯಂತೆ ಒಂದರೊಳಗೊಂದು ಮಡಚಿ, ಸೀಟಿನ ಹಿಂದೆ ಗೇಣು ಜಾಗದಲ್ಲಿ ಅಡಗಿ ಕೂಡುತ್ತಿದ್ದವು. ಎಡಕ್ಕೊಂದು ಬಲಕ್ಕೊಂದು ದೊಡ್ಡ ಕೀಲು. ಆ ಕೀಲಿಗೆ ಒಂದೊಂದು ರಿವೆಟ್ಟು, ಅಂದರೆ ಎರಡೂ ಕಡೆ ತಲೆ ಬಡಿದ ಹೆಬ್ಬೆರಳು ದಪ್ಪದ ಮೊಳೆ. ಇಡೀ ಹುಡ್ಡು ಎದ್ದು ನಿಲ್ಲುವುದು ಆ ಎರಡರ ಮೇಲೆ.

ಕೆಲಸ ಬಹಳ ದಿನ ಹಿಡಿಯಿತು. ಮುಗಿದ ದಿನ ಮಿಸ್ತ್ರಿ ಶೆಡ್ಡಿನ ಮುಂದೆ ಹುಡ್ಡು ಎತ್ತಿ, ಇಳಿಸಿ, ಮತ್ತೆ ಎತ್ತಿ ತೋರಿಸಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಂದು ಸುತ್ತ ನಿಂತರು. ಅವತ್ತು ಯಾರು ಹಿಂದೆ ನಿಂತರೂ ಅವರು ಬೈಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಸಾವಕಾರರ ಮಗನಿಗೆ ಮದುವೆಯಾಯಿತು. ಹುಡುಗಿ ರಾಜೇಶ್ವರದವಳು, ಒಕ್ಕಲುತನದ ದೊಡ್ಡ ಮನೆ. ಹುಮನಾಬಾದಿಗೆ ಬಂದಾಗೆಲ್ಲ ಇಬ್ಬರೂ ಆ ಗಾಡಿಯಲ್ಲೇ ಬರುತ್ತಿದ್ದರು. ಅವನು ಪೇಟೆಗೆ ಹೋದರೆ ಆಕೆ ನಮ್ಮ ಶೆಡ್ಡಿಗೆ ಬಂದು ನನ್ನ ಮಷೀನಿನ ಪಕ್ಕದ ಡಬ್ಬಿಯ ಮೇಲೆ ಕೂಡುತ್ತಿದ್ದಳು. ಹುಡ್ಡಿನ ಹಿಂದೆ ನಾನಿಟ್ಟ ಕಿಟಕಿ ಸಣ್ಣದು, ತವರಿನ ಹೊಲ ಹಿಂದೆ ಸರಿಯುವುದು ಕಾಣುವುದಿಲ್ಲ, ದೊಡ್ಡದು ಮಾಡಿಕೊಡಿ ಅಂತ ಕೇಳಿದ್ದಳು. ಮಾಡಿಕೊಟ್ಟೆ. ಹುಡ್ಡು ಎತ್ತುವುದು ಗಂಡನಿಗೆ ಬರುತ್ತಿರಲಿಲ್ಲ, ಪ್ರತಿ ಸಲ ಬೆರಳು ಸಿಗಿಸಿಕೊಳ್ಳುತ್ತಿದ್ದ. ಆಕೆ ಮಿಸ್ತ್ರಿಯಿಂದ ಕಲಿತಳು. ಸೆರಗು ಸೊಂಟಕ್ಕೆ ಸಿಗಿಸಿ, ಹಿಂದಿನ ಕಮಾನು ಎತ್ತಿ, ಮುಂದಿನ ಪಟ್ಟಿ ಎಳೆದು ಗಾಜಿನ ಚೌಕಟ್ಟಿಗೆ ಕೂಡಿಸಿ ತಿರುಪು ಬಿಗಿಯುತ್ತಿದ್ದಳು. "ಈ ತಾಯಿ ಗಂಡಸಾಗಿದ್ರ ನಾ ಕೈಕೆಳಗ ಇಟ್ಕೋತಿದ್ದೆ," ಅಂತ ಮಿಸ್ತ್ರಿ ಆಕೆಯ ಮುಂದೆಯೇ ಅಂದಿದ್ದರು. ಆಕೆ ನಕ್ಕು ನಕ್ಕು ಕೆಮ್ಮಿದಳು.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಗಾಡಿಯಲ್ಲಿ ಬಂದರು. ಎಡಗಡೆಯ ಕೀಲು ಸಡಿಲಾಗಿ ಹುಡ್ಡು ಒಂದು ಮಗ್ಗಲಿಗೆ ವಾಲುತ್ತಿತ್ತು. ರಿವೆಟ್ಟು ಸವೆದಿತ್ತು. ಮಿಸ್ತ್ರಿ ಆ ದಿನ ಕುಲುಮೆ ಹೊತ್ತಿಸಿರಲಿಲ್ಲ, ಇದ್ದಿಲು ತೊಯ್ದಿತ್ತು. ನಾಳೆಯ ತನಕ ಬಿಟ್ಟು ಹೋಗಿ ಅಂದರು. ಸಾವಕಾರರ ಮಗ ಒಪ್ಪಲಿಲ್ಲ. ಕಲ್ಯಾಣದಲ್ಲಿ ಯಾರದೋ ಮನೆಯಲ್ಲಿ ಕೂಸಿಗೆ ಹೆಸರಿಡುವುದಿತ್ತು, ಮುಗಿಲು ಕಪ್ಪಾಗಿತ್ತು. ಅವನು ಸ್ಟಿಯರಿಂಗ್‌ ಮುಂದೆ ಕೂತು, ಇಂಜಿನ್‌ ನಿಲ್ಲಿಸದೆ ಹಾರ್ನು ಹೊಡೆಯತೊಡಗಿದ. ಮಿಸ್ತ್ರಿ ಬೈದುಕೊಳ್ಳುತ್ತ ಹೊಸ ರಿವೆಟ್ಟು ಹಾಕಿ, ಕೆಂಪಗೆ ಕಾಯಿಸದೆ ಹಾಗೇ ತಲೆ ಬಡಿದರು.

ನಾನು ಪರದೆಯ ಈಚೆ ಒಂದು ತಾಡಪತ್ರಿಯ ಮೇಲೆ ಬಗ್ಗಿದ್ದೆ. ಸುತ್ತಿಗೆಯ ಸಪ್ಪಳ ನಿಂತ ಮೇಲೆ ಮಿಸ್ತ್ರಿಯ ದನಿ ಕೇಳಿಸಿತು. "ಇದು ತಾತ್ಪೂರ್ತಾ ಅದ, ಇವತ್ತಿನ ಮಟ್ಟಿಗಷ್ಟ. ನಾಳೆ ತರ್ರಿ, ಕಾಯ್ಸಿ ಕೂಡಿಸ್ತೀನಿ. ಮರೀಬ್ಯಾಡ್ರಿ." ಆಮೇಲೆ ಗಾಡಿ ಹೋದ ಸಪ್ಪಳ.

ಮರುದಿನ ಗಾಡಿ ಬರಲಿಲ್ಲ. ಆ ವಾರವೂ ಬರಲಿಲ್ಲ. ಬೇರೆ ಕೆಲಸದಲ್ಲಿ ನಾವೂ ಮರೆತೆವು.

ಆ ಮಳೆಗಾಲ ಮುಗಿಯುವ ಮುಂಚೆ, ಗಾಳಿಮಳೆಯ ಒಂದು ಸಂಜೆ, ರಾಜೇಶ್ವರದ ಹತ್ತಿರ ಗಾಡಿ ಸಡಕು ಬಿಟ್ಟು ಬೇವಿನ ಮರಕ್ಕೆ ಹೊಡೆಯಿತು. ಅವರು ಆಕೆಯ ತವರಿಂದ ಹೊರಟು ಹೆಚ್ಚು ಹೊತ್ತಾಗಿರಲಿಲ್ಲ. ಗಂಡನ ಕೈ ಮುರಿಯಿತು. ಆಕೆ ಅಲ್ಲೇ ಹೋದಳು. ಸಪ್ಪಳ ಕೇಳಿ ಹೊಲದಿಂದ ಓಡಿ ಬಂದವರಲ್ಲಿ ಆಕೆಯ ತಂದೆಯೂ ಇದ್ದರು.

ಪೊಲೀಸರು ಗಾಡಿಯನ್ನು ಎಳೆಸಿ ತಂದು ಠಾಣೆಯ ಅಂಗಳದಲ್ಲಿ ಹಾಕಿದರು. ಮುದ್ದೆಯಾದ ಹುಡ್ಡನ್ನು ಬಿಚ್ಚಲು ಬಾರದೆ ಜಮಾದಾರರು ನಮ್ಮಿಬ್ಬರನ್ನೂ ಕರೆಸಿದರು. ಕ್ಯಾನ್ವಾಸು ಕತ್ತರಿಸಿದವಳು ನಾನು. ನಾನೇ ಹೊಲಿದ ಹೊಲಿಗೆ, ನಾನೇ ದೊಡ್ಡದು ಮಾಡಿದ ಕಿಟಕಿ. ಬಟ್ಟೆ ತೊಯ್ದು ಭಾರವಾಗಿತ್ತು, ಎಲ್ಲ ಕಡೆ ಮಳೆಯ ನೀರೇ ಆಗಿರಲಿಲ್ಲ. ಕತ್ತರಿ ಕೈಯಲ್ಲಿ ಜಾರುತ್ತಿತ್ತು. ಮಿಸ್ತ್ರಿ ಎಡಗಡೆಯ ಕೀಲಿನ ಮುಂದೆ ಕೂತುಬಿಟ್ಟಿದ್ದರು. ಅರ್ಧ ರಿವೆಟ್ಟು ಬೆರಳಲ್ಲಿ ಹಿಡಿದಿದ್ದರು.

"ಮರಕ್ಕ ಹೊಡದಾಗ ಮುರದಿರ್ತದ ಬಿಡ್ರಿ," ಅಂದೆ.

ಅವರು ರಿವೆಟ್ಟು ಮುರಿದ ಕಡೆಯನ್ನು ನನಗೆ ತೋರಿಸಿದರು. ಅರ್ಧ ಹೊಳೆಯುತ್ತಿತ್ತು. ಇನ್ನರ್ಧ ತುಕ್ಕು ಹಿಡಿದು ಕಪ್ಪಾಗಿತ್ತು. "ಈ ಅರ್ಧ ಎಂದೋ ಬಿಟ್ಟದ ಅಕ್ಕೋರ. ತಣ್ಣಗ ಬಡದೆ, ಆವತ್ತೇ ಸೀಳ್ಯದ. ಗಾಳಿ ಹೊಕ್ಕು ಉಳಿದರ್ಧ ಬಿಟ್ಟದ. ಹುಡ್ಡು ಅವರ ಮಾರಿ ಮ್ಯಾಲೇ ಬಿದ್ದದ." ಆಮೇಲೆ ಎದ್ದು, ಅಲ್ಲಿ ನಿಂತಿದ್ದವರಿಗೆಲ್ಲ ಕೇಳುವಂತೆ ಜಮಾದಾರರಿಗೆ, "ಇದು ನಂದರಿ. ಬರ್ಕೋರಿ," ಅಂದರು.

ಅಲ್ಲಿಯ ತನಕ ರಾಜೇಶ್ವರದವರು ಅಳಿಯನ ಮೇಲೆ ಬಿದ್ದಿದ್ದರು. ಹುಚ್ಚನಂತೆ ಓಡಿಸಿ ಮಗಳನ್ನು ಕೊಂದ ಅಂತ ಅವರ ಫಿರ್ಯಾದಿ. ಅವನು ಜೋರಾಗಿ ಓಡಿಸುತ್ತಿದ್ದದ್ದೂ ಸುಳ್ಳಲ್ಲ, ಆ ಸಡಕಿನ ಮೇಲೆ ಎಲ್ಲರೂ ಕಂಡದ್ದೇ. ಸಾವಕಾರರ ಮನೆಯವರಿಗೆ ಮಿಸ್ತ್ರಿಯ ಮಾತು ವರವಾಗಿ ಬಂತು. ಮಗನ ಮೇಲಿನ ಕೇಸು ಸಡಿಲಾಯಿತು, ಮಿಸ್ತ್ರಿಯದು ಬಿಗಿಯಾಯಿತು. ಅವರಿಗೆ ಸಾವಕಾರರು ಹೊಲ ಬರೆದುಕೊಟ್ಟಿದ್ದಾರೆ ಅಂತ ಸುದ್ದಿ ಹಬ್ಬಿತು. ಘಾಟಬೋರಾಳದ ಅವರ ಕೇರಿಯವರೇ ಬಂದು ಬೈದರು. "ದೊಡ್ಡವರ ಪಾಪ ಹೊರೂದು ಬಿಟ್ಟೇವಂತ ನಾವು ಧರ್ಮ ಬದಲ್ ಮಾಡೀವಿ. ನೀ ಹೋಗಿ ತಲಿ ಕೊಟ್ಟಿಯಲ್ಲೋ!" ಅಂತ ಒಬ್ಬ ಹಿರಿಯ ಅತ್ತೇಬಿಟ್ಟ. ಮಿಸ್ತ್ರಿ, "ಅವರದು ಅವರು ಹೇಳ್ಲಿ ಕಾಕಾ. ನಂದು ನಾ ಹೇಳೀನಿ," ಅಂದರು.

ಆ ಕೇರಿಯವರೇ ಸೇರಿ ಒಬ್ಬ ವಕೀಲರನ್ನು ಹಿಡಿದರು. ಆ ವಕೀಲರು ಒಳ್ಳೆಯವರು. ಎಲ್ಲ ಕೇಳಿಕೊಂಡು, "ತಾತ್ಪೂರ್ತಾ ಅದ, ನಾಳೆ ತರ್ರಿ ಅಂತ ಹೇಳೀರಲ್ಲ, ಅದೇ ನಿಮ್ಮನ್ನ ಉಳಸ್ತದ," ಅಂದರು. ಮಿಸ್ತ್ರಿ ಉತ್ಸಾಹ ತೋರಲಿಲ್ಲ. "ತಾತ್ಪೂರ್ತಾ ಅಂತ ಗಾಳಿಗೆ ಗೊತ್ತಿರ್ತದೇನ್ರಿ?" ಅಂದರು. ಆದರೂ ಹೇಳಿದ್ದು ಖರೆ ಅಂತ ಒಪ್ಪಿಕೊಂಡರು. ಕೇಳಿದವಳು ನಾನೊಬ್ಬಳೇ. ಸಾಕ್ಷಿ ಹೇಳಲು ಹೋದೆ.

ನಾನು ಹೇಳುವುದು ಹೇಳಿ ಮುಗಿಸಿದ ಮೇಲೆ ಸಾವಕಾರರ ಕಡೆಯ ವಕೀಲರು ಎದ್ದರು.

"ನಿಮ್ಮ ಯಜಮಾನ್ರು ತೀರ್ಕೊಂಡು ಎಷ್ಟ ವರ್ಷ ಆತು?"

ಹೇಳಿದೆ.

"ಅಂದಿನಿಂದ ಈ ಮನುಷ್ಯಾನ ಸಂಗಾಟ ಒಂದೇ ಶೆಡ್ಡಿನ್ಯಾಗ ಇದ್ದೀರಿ."

"ಸಂಗಾಟ ಇಲ್ರಿ. ನಡುವ ಪರದೆ ಅದ."

ಹಿಂದೆ ಯಾರೋ ನಕ್ಕರು. ವಕೀಲರೂ ನಕ್ಕರು. "ಪರದೆ ಅದ ಅಂತೀರಿ. ಹಂಗಾದ್ರ ಆಚೆ ಅವ ಏನಂದ, ಯಾರಿಗಂದ, ನಿಮಗ ಹ್ಯಾಂಗ ಕಾಣಬೇಕು? ಇಲ್ಲಾ ಆವತ್ತ ಪರದೆ ಸರಿದಿತ್ತೇನು? ಎಷ್ಟ ಸಲ ಸರೀತಿತ್ತು ಅಕ್ಕೋರ, ದಿನಕ್ಕ?"

ನಗು ಜೋರಾಯಿತು. ಕಟಕಟೆಯ ಕಟ್ಟಿಗೆ ಹಿಡಿದುಕೊಂಡು ನಿಂತಿದ್ದೆ. ಆಗ ಆಚೆಯಿಂದ ಮಿಸ್ತ್ರಿಯ ದನಿ ಬಂತು.

"ಸಾಹೇಬ್ರ, ಅವರ್ನ ಕೇಳಬ್ಯಾಡ್ರಿ. ನಾ ಹಂಗ ಹೇಳೇ ಇಲ್ಲ. ನಾಳೆ ತರ್ರಿ ಅಂತ ನಾ ಯಾರಿಗೂ ಅಂದಿಲ್ಲ. ಅಕ್ಕೋರು ತಪ್ಪು ಕೇಳ್ಯಾರ."

ಅವರ ವಕೀಲರು ಕೂತಲ್ಲೇ ಹಣೆಗೆ ಕೈ ಹಚ್ಚಿದರು. ನನ್ನನ್ನು ಇಳಿಸಿದರು. ಮಿಸ್ತ್ರಿಗೆ ಆರು ತಿಂಗಳ ಸಜೆಯಾಯಿತು.

ಮನೆಗೆ ಬಂದಾಗ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅತ್ತೆ ಮರುದಿನ ಬೆಳಿಗ್ಗೆ ಎಲೆಅಡಿಕೆಯ ಚೀಲ ಹಿಡಿದು ನನ್ನ ಜೊತೆ ಶೆಡ್ಡಿಗೆ ಬಂದವರು, ಸಾಯುವವರೆಗೆ ದಿನಾ ಬಂದು ಬಾಗಿಲಲ್ಲೇ ಕೂತರು. ಯಾರಾದರೂ ನನ್ನನ್ನು ನೋಡಿ ಹಲ್ಲು ಕಿರಿದರೆ ಮೊದಲು ಅವರ ಕಣ್ಣು ದಾಟಬೇಕಿತ್ತು.

ಸಜೆ ಮುಗಿಸಿ ಮಿಸ್ತ್ರಿ ನೇರ ಶೆಡ್ಡಿಗೇ ಬಂದರು. ಬಡವಾಗಿದ್ದರು, ಗಡ್ಡ ಬೆಳ್ಳಗಾಗಿತ್ತು. ಕೋರ್ಟಿನಲ್ಲಿ ಸುಳ್ಳು ಯಾಕೆ ಹೇಳಿದಿರಿ ಅಂತ ನಾನು ಕೇಳಲಿಲ್ಲ. ನನ್ನ ಸಲುವಾಗಿ ಅಂತ ನನಗೆ ಗೊತ್ತಿತ್ತು, ಆ ಋಣದ ಭಾರಕ್ಕೆ ಅವರ ಮಾರಿ ನೋಡಿ ಮಾತಾಡುವುದೇ ಕಷ್ಟವಾಗಿತ್ತು. ಅವರು ಕುಲುಮೆ ಹೊತ್ತಿಸಿದರು. ಆದರೆ ಕಮಾನು ಮುಟ್ಟಲಿಲ್ಲ. ನೇಗಿಲ ಕುಡ, ಗಾಡಿಯ ಚಕ್ರದ ಪಟ್ಟಿ, ಕುಡುಗೋಲು, ಇಷ್ಟೇ. ಮಡಚುವಂಥದ್ದು, ಕೀಲಿರುವಂಥದ್ದು ಏನು ತಂದರೂ ತಿರುಗಿಸಿ ಕಳಿಸುತ್ತಿದ್ದರು. ಒಬ್ಬ ಮಾಸ್ತರರು ಕಡ್ಡಿ ಮುರಿದ ಛತ್ರಿ ತಂದಿದ್ದರು. ಮಿಸ್ತ್ರಿ ಅದನ್ನು ಕೈಗೂ ತಗೊಳ್ಳಲಿಲ್ಲ. "ಛತ್ರಿ ಮ್ಯಾಲೂ ಇಷ್ಟ ಸೊಕ್ಕೇನು?" ಅಂದುಕೊಂಡು ಮಾಸ್ತರರು ಹೋದರು. ಸೊಕ್ಕಿನವರು ಅನ್ನುವ ಹೆಸರು ಮಾತ್ರ ಹಾಗೇ ಉಳಿಯಿತು.

ಠಾಣೆಯ ಅಂಗಳದಲ್ಲಿ ಕೊಳೆಯುತ್ತಿದ್ದ ಗಾಡಿಯನ್ನು ಕೆಲ ವರ್ಷದ ಮೇಲೆ ಹರಾಜು ಹಾಕಿದರು. ಹಳೇ ಕಬ್ಬಿಣದ ವ್ಯಾಪಾರಿ ಅದರ ಕಮಾನುಗಳನ್ನು, ಮಿಸ್ತ್ರಿಗೆ ಕೆಲಸಕ್ಕೆ ಬಂದೀತು ಅಂತ, ತಿಳಿಯದೆ ನಮ್ಮ ಶೆಡ್ಡಿಗೇ ತಂದು ಕೆಡವಿದ. ನಾನು ಒಯ್ಯಿ ಅನ್ನುವಷ್ಟರಲ್ಲಿ ಮಿಸ್ತ್ರಿ, "ಇರಲಿ," ಅಂದರು. ಅವತ್ತಿಡೀ ಒಂದೊಂದೇ ಕಮಾನು ಕಾಯಿಸಿ, ಬಡಿದು, ನೆಟ್ಟಗೆ ಮಾಡಿದರು. ಸಂಜೆಗೆ ನೆಲದ ಮೇಲೆ ಒಂದೂ ಬಾಗಿದ್ದು ಇರಲಿಲ್ಲ. ಆ ಸರಳುಗಳನ್ನು ಕಟ್ಟಿ ವ್ಯಾಪಾರಿಗೇ ವಾಪಸು ಕೊಟ್ಟು ಕೈ ತೊಳೆದುಕೊಂಡು ಊರಿಗೆ ಹೋದರು.

ಬಹಳ ವರ್ಷಗಳಾದ ಮೇಲೆ, ನನ್ನ ಅತ್ತೆಯೂ ಹೋದ ಮೇಲೆ, ರಾಜೇಶ್ವರದಿಂದ ಆ ಹುಡುಗಿಯ ತಂದೆ ಬಂದರು. ಬಸ್ಸಿನಿಂದ ಇಳಿದು ಸಡಕು ದಾಟಲು ಬಹಳ ಹೊತ್ತು ನಿಂತಿದ್ದ ಮುದುಕರನ್ನು ನಾನು ನೋಡಿದ್ದೆ, ಗುರುತು ಹತ್ತಿರಲಿಲ್ಲ. ತಲೆಯ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡು, ಮಗಳು ಕೂಡುತ್ತಿದ್ದ ಕಡೆಯೇ ಕೂತರು. ಅದು ಅವರಿಗೆ ಗೊತ್ತಿರಲಿಲ್ಲ. ಮಿಸ್ತ್ರಿ ಸುತ್ತಿಗೆ ಇಟ್ಟು ಪರದೆ ಸರಿಸಿ ಬಂದು ನಿಂತರು.

"ಜಗಳಾ ಮಾಡಾಕ ಬಂದಿಲ್ಲಪ್ಪಾ," ಅಂದರು ಮುದುಕರು. "ಅಳಿಯ ಮತ್ತ ಮದುವ್ಯಾದ, ಮಕ್ಕಳಾದ್ವು. ನಂದೂ ಮುಗೀತಾ ಬಂತು. ಒಂದೇ ಮಾತು ಕೇಳ್ತೀನಿ. ಆವತ್ತ ಕೋರ್ಟಿನ್ಯಾಗ ಈ ತಂಗಿ ಒಂದು ಹೇಳಿದ್ಲು, ನೀ ಒಂದು ಹೇಳಿದಿ. ನಾಳೆ ತರ್ರಿ ಅಂತ ನೀ ಅಂದಿದ್ದಿ ಇಲ್ಲೋ?"

ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಊರು ನನ್ನನ್ನು ಸುಳ್ಳುಸಾಕ್ಷಿಯವಳು ಅಂದಿತ್ತು. "ಅಂದಿದ್ರರಿ. ನನ್ನ ಕಿವಿಲೆ ಕೇಳೀನಿ," ಅಂದೆ.

ಮುದುಕರು ನನ್ನ ಕಡೆ ತಿರುಗಿದರು. "ಹಂಗಾದ್ರ ನನ್ನ ಮಗಳೂ ಕೇಳಿರಬೇಕಲ್ಲವ್ವಾ? ಅಲ್ಲೇ ಇದ್ಲಲ್ಲ. ಗೊತ್ತಿದ್ದೂ ಆ ಗಾಡ್ಯಾಗ ಕೂತ್ಲೇನು? ನಮ್ಮ ಮನಿಯಿಂದ ಹೊಂಟಾಗ ನಾನೇ, ಮಳಿ ಬರ್ತದ, ಹುಡ್ಡು ಏರ್ಸಿಕೊಂಡು ಹೋಗ್ರಿ ಅಂದೀನಿ."

ಮಿಸ್ತ್ರಿ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಇಲ್ರಿ ಯಜಮಾನ್ರ. 'ಇದು ತಾತ್ಪೂರ್ತಾ' ಅಂತ ನಾ ನನಗ ನಾನೇ ಅಂದುಕೊಂಡಿರ್ಬೇಕು. ಯಾರಿಗೂ ಹೇಳಿಲ್ಲ. ನಿಮ್ಮ ಮಗಳಿಗಂತೂ ಏನೂ ಗೊತ್ತಿರಲಿಲ್ಲ. ಅಕ್ಕೋರಿಗೆ ವಯಸ್ಸಾಗ್ಯದ, ನೆನಪು ತಪ್ಪತದ. ಕಸೂರೆಲ್ಲಾ ನಂದೇ."

ಮುದುಕರು ಅವರನ್ನೇ ನೋಡುತ್ತ ಕೂತರು. ಬೈಯುತ್ತಾರೆ ಅಂದುಕೊಂಡೆ. "ಗೊತ್ತಿರಲಿಲ್ಲಲ್ಲ," ಅಂತ ಎರಡು ಸಲ ಅಂದರು, ಯಾರಿಗೋ ಹೇಳುವಂತೆ. ರುಮಾಲು ಸುತ್ತಿಕೊಂಡು ಎದ್ದರು. ಮಿಸ್ತ್ರಿ ಅವರನ್ನು ಸಡಕು ದಾಟಿಸಿ ಬಸ್ಸು ಹತ್ತಿಸಿ ಬಂದರು.

ಬಂದವರ ಮೇಲೆ ಹಾರಿಬಿದ್ದೆ. ಎರಡು ಸಲ ನನ್ನನ್ನು ಸುಳ್ಳಿ ಮಾಡಿದಿರಿ, ನನ್ನ ಕಿವಿ ನನಗೆ ಗೊತ್ತಿಲ್ಲವೇ ಅಂತ ಕೂಗಾಡಿದೆ. ಅವರು ಕುಲುಮೆಯ ಬೂದಿ ಕೆದರುತ್ತ ಕೇಳಿಸಿಕೊಂಡರು. ಆಮೇಲೆ ಅಂದರು:

"ನಿಮ್ಮ ಕಿವಿ ಬರೋಬ್ಬರಿ ಅದ. ಹೇಳೀನಿ. ಆದ್ರ ಅವನಿಗಲ್ಲ ಅಕ್ಕೋರ. ಅವ ಹಾರ್ನ್‌ ಹೊಡ್ಯಾಕತ್ತಿದ್ದ, ಅವನ ಸಂಗಾಟ ಏನು ಮಾತು ಅಂತ ನಾ ಮಾರಿನೂ ನೋಡ್ಲಿಲ್ಲ. ಆ ಹೆಣ್ಣುಮಗಳು ಇಳಿದು ಬಂದು ಹುಡ್ಡು ಏರ್ಸಾಕತ್ತಿದ್ಲು. ಆಕಿಗಿ ಕೆಲಸ ತಿಳೀತಿತ್ತು, ಅದಕ್ಕ ಆಕಿಗೇ ಹೇಳ್ದೆ. ಹೂಂ, ನಾಳೆ ತರ್ತೀವಿ ಅಂದ್ಲು."

ನಾನು ಡಬ್ಬಿಯ ಮೇಲೆ ಕೂತೆ.

"ಆಕಿ ಗಂಡಗ ಹೇಳಿರ್ತಾಳ, ಅವ ಕೇಳಿರಲಿಕ್ಕಿಲ್ಲ. ಇಲ್ಲಾ ಆಕಿ ಮರ್ತಿರ್ತಾಳ. ಹೊಸಾ ಸಂಸಾರ. ಯಾವುದು ಖರೆ ಅಂತ ಆ ಮುದುಕಗ ಹೇಳ್ಲಿ? ಕೋರ್ಟಿನ್ಯಾಗೂ ಅದೇ ಆಗ್ತಿತ್ತು. 'ಯಾರಿಗಂದ' ಅಂತ ವಕೀಲ ನಿಮಗ ಕೇಳಾಕತ್ತಿದ್ದ. ಇನ್ನೊಂದು ಮಾತಿಗೆ ನನಗ ಕೇಳ್ತಿದ್ದ. ಸತ್ತಾಕಿ ಹೆಸರು ಹೇಳಬೇಕಾಗ್ತಿತ್ತು. ಗಂಡಗ ಗೊತ್ತಿಲ್ಲ, ಹೆಂಡ್ತಿ ತಪ್ಪು ಅಂತ ಬರೀತಿದ್ರು. ನಿಮ್ಮನ್ನ ನೋಡಿ ಅವ್ರು ನಗೋದು, ಆಕಿ ಮ್ಯಾಲ ತಪ್ಪು ಹೊರಸೋದು... ನಾ ಬಾಯಿ ಮುಚ್ಚಿಸಿಬಿಟ್ಟೆ."

ಇಷ್ಟು ಉದ್ದ ಅವರು ಮಾತಾಡಿದ್ದು ಅದೊಂದೇ ಸಲ. ಯಾರಿಗೂ ಹೇಳಬೇಡಿ ಅಂತ ಕೇಳಿಕೊಂಡರು. ಆ ಮುದುಕರು ಬದುಕಿರುವ ತನಕ ನಾನು ಹೇಳಲಿಲ್ಲ. ಅವರು ಹೆಚ್ಚು ದಿನ ಉಳಿಯಲೂ ಇಲ್ಲ. ಮಿಸ್ತ್ರಿಗೆ ಆಮೇಲೆ ಕೆಮ್ಮು ಹತ್ತಿ, ಸೈಕಲ್‌ ತುಳಿಯಲಾಗದೆ, ಶೆಡ್ಡಿಗೆ ಬರುವುದು ನಿಂತಿತು.

ಕಾಯಿಪಲ್ಯೆಯವಳು ಸುದ್ದಿ ಹೇಳಿದ ಮೂರನೆಯ ದಿನ ನಾನು ಘಾಟಬೋರಾಳಕ್ಕೆ ಹೋದೆ. ಅವರ ಮನೆಗೆ ಅದೇ ಮೊದಲು. ತಗ್ಗು ಬಾಗಿಲ ಒಂದೇ ಕೋಣೆ, ಗೋಡೆಯ ಮೇಲೆ ಬುದ್ಧನ ಪಟ. ಅವರ ಹೆಂಡತಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದಳು. ನಾನು ಯಾರೆಂದು ಹೇಳಬೇಕಾಗಲಿಲ್ಲ. ಕೂಡು ಅಂತಲೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾನೇ ಕೂತೆ.

ಆಕೆಯೂ ಮತ್ತೆ ಮೊರದ ಮುಂದೆ ಕೂತು ಕೇಳಿದಳು. "ಬಂದೀರಿ, ಖರೆ ಹೇಳಿ ಹೋಗ್ರಿ ಅಕ್ಕೋರ. ಆವತ್ತ ಕೋರ್ಟಿನ್ಯಾಗ ಮಾತು ಯಾಕ ತಿರಗಿಸಿದ? ಇಷ್ಟ ವರ್ಷ ಕೇಳೀನಿ, ಬಾಯಿ ಬಿಡ್ಲಿಲ್ಲ. ಮಂದಿ ಹೇಳಿದ್ದೇ ನಾ ನಂಬೀನಿ."

ಮಂದಿ ಏನು ಹೇಳಿದ್ದರು ಅಂತ ನನಗೆ ಗೊತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ. ಪರದೆ, ವಕೀಲರ ಮಾತು, ಹುಡ್ಡು ಎತ್ತಲು ಇಳಿದು ಬಂದ ಹುಡುಗಿ, ಅವಳ ತಂದೆ. ಆಕೆಯ ಕೈ ಜೋಳದ ಮೇಲೆ ನಿಂತಿತ್ತು. ಅಳುತ್ತಾಳೆ, ಗಂಡನ ಬಗ್ಗೆ ಹೆಮ್ಮೆಪಡುತ್ತಾಳೆ ಅಂತ ನಾನು ಅಂದುಕೊಂಡಿದ್ದೆ.

"ಆ ಆರು ತಿಂಗಳು ನಾ ಸಡಕಿನ ಮ್ಯಾಲ ಖಡಿಕಲ್ಲು ಒಡದೀನಿ," ಅಂದಳು. "ಕೂಲಿಗೆ ನಮ್ಮ ಮಂದಿನೂ ಕರೀಲಿಲ್ಲ, ನಿಮ್ಮ ಮಂದಿನೂ ಕರೀಲಿಲ್ಲ. ಹೊಟ್ಟ್ಯಾಗ ಕೂಸಿತ್ತು. ಖಡಿ ಒಡಿಯೋ ಜಾಗಾದಾಗೇ ಹೋತು. ಆ ಮ್ಯಾಲ ಯಾವ ಕೂಸೂ ನಿಲ್ಲಲೇ ಇಲ್ಲ."

ನನಗೆ ಅದು ಗೊತ್ತಿರಲಿಲ್ಲ. ಮಿಸ್ತ್ರಿ ಒಂದು ದಿನವೂ ಹೇಳಿರಲಿಲ್ಲ.

"ನಿಮ್ಮ ಇಜ್ಜತ್‌ ನೋಡ್ದ. ಸತ್ತಾಕಿದು ನೋಡ್ದ. ಆ ಮುದುಕಂದೂ ನೋಡ್ದ. ಆವತ್ತ ಎಲ್ಲಾ ಬಿಚ್ಚಿ ಹೇಳಿದ್ನಲ್ಲ ನಿಮ್ಮ ಮುಂದ. ಆಗರೆ ನನ್ನ ಮಾತು ಏನರೆ ಬಂದಿತ್ತೇನು? ಒಂದಾದ್ರೂ?"

ಬಂದಿತ್ತು ಅನ್ನುವುದು ಸುಲಭವಿತ್ತು. ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಇಲ್ಲವ್ವಾ," ಅಂದೆ.

ಆಕೆ ತಲೆಯಾಡಿಸಿದಳು. ಮೊರ ಬದಿಗಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದಳು.

"ನೀವರೆ ಖರೆ ಹೇಳಿದ್ರಿ. ಕೂಡ್ರಿ, ಚಹಾ ಇಡ್ತೀನಿ."